ಹೂಂ ಅಂದರೆ ಅಂಕವಿಲ್ಲದ ಊರು

ರಾಮನಗರ, ಹೊರಡುವ ಮೊದಲು

ಪರೀಕ್ಷೆಯಲ್ಲಿ ಫೇಲಾದವರು ನಮ್ಮ ಬಳಗದಲ್ಲಿ ಮೊದಲು ಫೋನು ಮಾಡುವುದು ನನಗೆ. ಅದಕ್ಕೆ ಕಾರಣವಿದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಎಲ್ಲರಿಗಿಂತ ಹೆಚ್ಚು ಸಲ ಫೇಲಾದವಳೂ ನಾನೇ. ಬೆಳಿಗ್ಗೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಕೈಲಾಂಚದಲ್ಲಿ ಬಸ್ಸು ಹತ್ತಿ, ರಾಮನಗರದ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತು ಪಡೆದ ಡಿಗ್ರಿ ಅದು. ಇಂಗ್ಲಿಷ್ ಪೇಪರು ನನ್ನನ್ನು ಮತ್ತೆ ಮತ್ತೆ ಮನೆಗೆ ಕಳಿಸಿತು. ಕೊನೆಗೆ ಒಂದು ಸಲ ಅದಕ್ಕೇ ಬೇಜಾರಾಗಿ ನನ್ನನ್ನು ಬಿಟ್ಟಿತು. ಆಮೇಲೆ ಎಂ.ಎ.ಯನ್ನೂ ಮಾಡಿಕೊಂಡು ಈಗ ಮಾಗಡಿಯ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ತಂಗಿ ಸವಿತ ಜರ್ಮನಿಯಿಂದ ಫೋನು ಮಾಡಿ, “ಅಕ್ಕ, ಫೇಲಾಗ್ಬುಟ್ಟೆ” ಅಂದಾಗ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ.

ಅವಳ ಗಂಡ ಮಂಜುನಾಥ ಕನಕಪುರದವನು, ಡಿಪ್ಲೊಮಾ ಓದಿದವನು. ಬಿಡದಿಯ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನನ್ನು ಜರ್ಮನಿಯ ಕಾರ್ಖಾನೆಯೊಂದು ಕರೆಸಿಕೊಂಡಿತ್ತು. ಸವಿತ ಹಿಂದೆ ಹೋದಳು. ಬಿ.ಕಾಂ. ಓದಿದ ಹುಡುಗಿ ಅಲ್ಲಿ ವೃದ್ಧರ ಆಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ಮಗಳು ಮಾನ್ಯ ಅಲ್ಲೇ ಹುಟ್ಟಿದಳು. ಈಗ ಮೂವರೂ ಅಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಬೇಕು. ಅದಕ್ಕೆ ಜರ್ಮನ್ ಭಾಷೆ ಬರುತ್ತದೆಂದು ಪರೀಕ್ಷೆ ಕೊಟ್ಟು ತೋರಿಸಬೇಕು. ಮಂಜು ಪಾಸಾಗಿದ್ದ. ಇವಳು ಕೇಳುವುದು, ಓದುವುದು, ಬರೆಯುವುದು ಮೂರರಲ್ಲೂ ಪಾಸಾಗಿ ಮಾತಾಡುವುದರಲ್ಲಿ ಬಿದ್ದಿದ್ದಳು.

“ಅಪ್ಪ ಮಗಳು ಆ ದೇಶದವರಾಯ್ತಾರೆ, ನಾನೊಬ್ಳು ಇಂಗೇ ಉಳ್ಕೊತೀನಿ,” ಅಂದಳು. “ಏರ್‌ಪೋರ್ಟ್‌ನಾಗೆ ಅವರಿಬ್ರೂ ಒಂದ್ ಕ್ಯೂ, ನಾನೊಂದ್ ಕ್ಯೂ. ಮಗು ತಿರುಗಿ ತಿರುಗಿ ನೋಡ್ಕೊಂಡ್ ಓಯ್ತದೆ ಕಣಕ್ಕ.”

ಇನ್ನೊಂದು ಸಲ ಪರೀಕ್ಷೆ ಕೊಡಲು ದಿನ ಗೊತ್ತುಮಾಡಿದ್ದರು. ಅದು ನನ್ನ ಬೇಸಿಗೆ ರಜೆಯಲ್ಲಿ ಬರುತ್ತಿತ್ತು. ಮಗುವನ್ನು ನೋಡಿಕೊಳ್ಳುತ್ತೇನೆ, ನೀನು ಓದಿಕೋ ಅಂತ ನಾನು ಹೊರಟೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎರಡು ದೇಶಕ್ಕೂ ಸೇರಿದವರಾಗಿರಲು ನಮ್ಮ ದೇಶ ಬಿಡುವುದಿಲ್ಲ. ಅಲ್ಲಿ ಪೌರತ್ವ ಸಿಕ್ಕಿದ ದಿನ ಇಲ್ಲಿಯ ಪಾಸ್‌ಪೋರ್ಟು ವಾಪಸು ಕೊಡಬೇಕು. ಅವಳು ಪಾಸಾಗಲಿ ಅಂತ ಕೆಂಗಲ್ ಆಂಜನೇಯನಿಗೆ ಕೈ ಮುಗಿಯಲು ಹೋದವಳು, ಕೈ ಮುಗಿದು ಏನು ಕೇಳಬೇಕೆಂದು ತಿಳಿಯದೆ ಸುಮ್ಮನೆ ಪ್ರದಕ್ಷಿಣೆ ಹಾಕಿ ಬಂದೆ.

ಫ್ರಾಂಕ್‌ಫರ್ಟಿನಿಂದ ರೈಲು

ವಿಮಾನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕೂತೆ, ಕಾಲು ಊದಿತು, ಇಳಿದೆ. ಮಂಜು ಬಂದು ಕರೆದುಕೊಂಡು ರೈಲು ಹತ್ತಿಸಿದ. ಹತ್ತಿದ ತಕ್ಷಣ ನಾನು ಅವ್ವನಿಗೆ ಫೋನು ಹಚ್ಚಿದೆ. ಅವ್ವ ರಾಮನಗರದಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ, ಅವಳಿಗೆ ಒಸಿ ಕಿವಿ ಮಂದ.

“ತಲುಪಿದೆ ಕಣವ್ವ. ಹೂಂ. ಚಳಿ ಐತೆ. ಚಳಿ, ಚಳಿ. ಮಳೆ ಅಲ್ಲ, ಚಳಿ.”

ಡಬ್ಬಿಯ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಸೀರೆ ನೋಡುತ್ತಿದ್ದಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ಎದುರಿನ ಹೆಂಗಸು ಎದ್ದು ಬಂದು ಗಾಜಿನ ಮೇಲಿನ ಚಿತ್ರವೊಂದನ್ನು ತೋರಿಸಿದಳು. ಬಾಯಿಯ ಮೇಲೆ ಬೆರಳಿಟ್ಟ ಒಂದು ಮುಖ.

“ಇದು ಮಾತಾಡಬಾರದ ಡಬ್ಬಿ ಅತ್ತಿಗೆ,” ಅಂದ ಮಂಜು ಮೆಲ್ಲಗೆ. “ಬೇರೆದ್ರಲ್ಲಿ ಸೀಟ್ ಸಿಗ್ನಿಲ್ಲ.”

ಮಾತಾಡಬಾರದು ಅಂತಲೇ ಒಂದು ಡಬ್ಬಿ ಮಾಡಿದ್ದಾರೆ. ಕನಕಪುರದ ಬಸ್ಸಿನಲ್ಲಿ ಹಾರೋಹಳ್ಳಿ ಬರುವಷ್ಟರಲ್ಲಿ ಪಕ್ಕದವಳ ಮಕ್ಕಳೆಷ್ಟು, ಸೊಸೆ ಹೇಗೆ, ಮಂಡಿ ನೋವಿಗೆ ಏನು ಹಚ್ಚುತ್ತಾಳೆ ಎಲ್ಲ ನಮಗೆ ಗೊತ್ತಿರುತ್ತದೆ. ಇಲ್ಲಿ ಹಳದಿ ಹೂವಿನ ಹೊಲಗಳು ಕಿಟಕಿಯಾಚೆ ಓಡಿದವು. ಆ ಹೊಲದಲ್ಲಿ ಬೆಳೆದದ್ದೇನು ಅಂತ ಕೇಳಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡು ಕೂತೆ. ಆ ಹೆಂಗಸಿನ ಮುಖದಲ್ಲಿ ಕೋಪವೇ ಇರಲಿಲ್ಲ, ಅದು ನನಗೆ ಆಶ್ಚರ್ಯ. ಬೇಡ ಅನ್ನುವುದನ್ನು ಹೇಳಿ, ಹೋಗಿ ಕೂತು, ಪುಸ್ತಕ ಬಿಚ್ಚಿದಳು. ನಮ್ಮಲ್ಲಿ ಬೇಡ ಅನ್ನಬೇಕಾದರೆ ಮೊದಲು ಸಿಟ್ಟು ಮಾಡಿಕೊಳ್ಳಬೇಕು.

ಕೆಮ್ನಿಟ್ಸ್, ಮೂರನೆಯ ಮಹಡಿ

ಸವಿತ ಇರುವ ಊರು ಕೆಮ್ನಿಟ್ಸ್. ಹಳೆಯ ಕಾರ್ಖಾನೆಗಳ ಊರು, ಚೊಕ್ಕಟವಾದ ರಸ್ತೆ, ಟ್ರಾಮು. ರಾತ್ರಿಯ ಊಟದ ಹೊತ್ತಿಗೂ ಬಿಸಿಲಿರುತ್ತಿತ್ತು. ಮುದ್ದೆಯನ್ನು ಬಿಸಿಲಲ್ಲಿ ಕೂತು ಉಂಡರೆ ಮಧ್ಯಾಹ್ನ ಊಟ ಮಾಡಿದ ಹಾಗೇ ಆಗಿ, ಆಮೇಲೆ ನಿದ್ದೆ ಬರದೆ ಒದ್ದಾಡುತ್ತಿದ್ದೆ.

ಕೆಳಗಿನ ಮಹಡಿಯಲ್ಲಿ ಲೇಮನ್ ಅಂತ ಒಬ್ಬ ಅಜ್ಜಿ. ಒಂಟಿ ಜೀವ, ಗೋಡೆಗೆ ಹೊಡೆದ ಮೊಳೆಯಂತೆ ನೆಟ್ಟಗಿದ್ದಾಳೆ. ಪರಿಚಯವಾಗಲಿ ಅಂತ ನಾನು ಅವ್ವ ಮಾಡಿಕೊಟ್ಟಿದ್ದ ಕೋಡುಬಳೆ ತಟ್ಟೆಗೆ ಹಾಕಿಕೊಂಡು ಹೋದೆ. ಅಜ್ಜಿ ಬಾಗಿಲು ತೆರೆದು ನೋಡಿ, ನಕ್ಕು, “ನೈನ್, ಡಾಂಕೆ” ಅಂದಳು. ಬೇಡ, ಥ್ಯಾಂಕ್ಸ್ ಅಂತ. ಮೊದಲನೆಯ ಸಲ ಬೇಡ ಅನ್ನುವುದು ಮರ್ಯಾದೆ ಅಂತ ನನಗೂ ಗೊತ್ತಲ್ಲ. ಮತ್ತೆ ತಟ್ಟೆ ಮುಂದೆ ಹಿಡಿದೆ. ಮತ್ತೆ ನೈನ್. ಒಂದಾದರೂ ತಗೊಳ್ಳಿ ಅಂತ ಕನ್ನಡದಲ್ಲೇ ಬಲವಂತ ಮಾಡಿದೆ. ಅಜ್ಜಿ ನನ್ನನ್ನು ಗಾಬರಿಯಿಂದ ನೋಡಿ, ಮೇಲೆ ಮುಖ ಎತ್ತಿ ಸವಿತಳನ್ನು ಕೂಗಿದಳು.

“ಅವರಿಗೆ ಅಲ್ಲು ಸರಿ ಇಲ್ವಂತೆ, ಗಟ್ಟಿ ತಿನ್ನಕಾಗಕಿಲ್ವಂತೆ ಕಣಕ್ಕ,” ಅಂತ ಸವಿತ ನನ್ನನ್ನು ಎಳೆದುಕೊಂಡು ಬಂದಳು. “ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ.”

ಅಷ್ಟು ತಿಳಿದವಳು ತಾನು ಮಾತ್ರ ಯಾರಿಗೂ ಬೇಡ ಅನ್ನುತ್ತಿರಲಿಲ್ಲ. ಆ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವುದು ವಾರಕ್ಕೊಂದು ಮನೆಯ ಸರದಿ. ಲೇಮನ್ ಅಜ್ಜಿ ಒಮ್ಮೆ ಸೊಂಟ ನೋವು ಅಂದಾಗ ಸವಿತ ಒರೆಸಿಕೊಟ್ಟಿದ್ದಳಂತೆ. ಆಮೇಲಿಂದ ಅಜ್ಜಿಯ ವಾರವೂ ಇವಳದ್ದೇ. ಕಟ್ಟಡದವರೆಲ್ಲರ ಪಾರ್ಸೆಲ್ಲುಗಳೂ ನಮ್ಮ ಬಾಗಿಲಲ್ಲೇ ಬಿದ್ದಿರುತ್ತಿದ್ದವು. ಯಾರು ಏನು ಕೇಳಲಿ, ಇವಳದ್ದು ಒಂದೇ ಮಾತು. “ಯಾ, ಯಾ.” ಹೂಂ, ಹೂಂ.

ಪರೀಕ್ಷೆಯಲ್ಲೂ ಆದದ್ದು ಅದೇ. ನಾನು ಕೇಳಿ ಕೇಳಿ ಬಾಯಿ ಬಿಡಿಸಿದೆ.

ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಜೊತೆ ಮಾಡಿ ಕೂರಿಸುತ್ತಾರೆ. ಒಂದು ಸಂದರ್ಭ ಕೊಡುತ್ತಾರೆ. ಇಬ್ಬರೂ ಮಾತಾಡಿಕೊಂಡು ಒಂದು ಯೋಜನೆ ಹಾಕಬೇಕು, ಪರೀಕ್ಷಕರು ಕೇಳಿಸಿಕೊಳ್ಳುತ್ತಾರೆ. ಇವಳ ಜೊತೆಗೆ ಬಂದವರು ಸಿರಿಯಾ ಕಡೆಯ ಹಿರಿಯರು, ಬಿಳಿ ಗಡ್ಡ. ಆಸ್ಪತ್ರೆಯಲ್ಲಿರುವ ಸಹಪಾಠಿಯನ್ನು ನೋಡಲು ಹೋಗುವ ಯೋಜನೆ. ಅವರು ಭಾನುವಾರ ಹೋಗೋಣ ಅಂದರು, ಇವಳು ಯಾ ಅಂದಳು. ಹಣ್ಣು ಒಯ್ಯೋಣ ಅಂದರು, ಯಾ. ಬಸ್ಸಲ್ಲಿ ಹೋಗೋಣ, ಯಾ.

“ನೀನೇನೂ ಏಳ್ಲೇ ಇಲ್ವಾ?”

“ಏನಂತ ಏಳ್ಲಿ? ನಮ್ಮಪ್ಪನ್ ವಯಸ್ಸು ಕಣಕ್ಕ ಅವರಿಗೆ. ಎದುರಿಗೆ ಇಬ್ರು ಮೇಡಮ್ಮುಗಳು ಕುಂತವ್ರೆ. ಅವರ್ ಮುಂದೆ ಆ ಮನ್ಸಂಗೆ, ನೀವ್ ಏಳಾದು ಸರಿ ಇಲ್ಲ, ಬಸ್ಸು ಬ್ಯಾಡ ಅಂತ ಎಂಗೆ ಅನ್ಲಿ?”

ಹಿರಿಯರು ಮಾತಾಡುವಾಗ ಹೂಂ ಅನ್ನುವ ಹುಡುಗಿಗೆ ನಮ್ಮಲ್ಲಿ ಒಳ್ಳೆಯ ಹೆಸರು. ಅಲ್ಲಿ ಅವಳಿಗೆ ಸೊನ್ನೆಯ ಪಕ್ಕದ ಅಂಕ. ಒಪ್ಪಿಕೊಂಡಷ್ಟೂ ಮಾತು ಬರುವುದಿಲ್ಲ ಅಂತ ಅವರು ತಿಳಿದುಕೊಂಡರು. ನನ್ನ ಬುದ್ಧಿಗೆ ತಕ್ಷಣ ತೋಚಿತು, ಇವಳಿಗೆ ಕಲಿಸಬೇಕಾದದ್ದು ಜರ್ಮನ್ ಅಲ್ಲ. ಜರ್ಮನ್ ನನಗೂ ಬರುವುದಿಲ್ಲ, ಒಳ್ಳೆಯದೇ ಆಯಿತು.

ಅಡುಗೆಮನೆ

ಮಾನ್ಯ ಶಿಶುವಿಹಾರದಿಂದ ಬಂದು ಆಟಕ್ಕೆ ಕೂತ ಮೇಲೆ ನಮ್ಮ ಪಾಠ. ನಾನು ಗಡ್ಡದ ಹಿರಿಯ, ಅವಳು ಅವಳೇ. ನಾನು ಕನ್ನಡದಲ್ಲಿ ಹೇಳಬೇಕು, ಅವಳು ಜರ್ಮನ್‌ನಲ್ಲಿ ಎದುರಾಡಬೇಕು.

“ಯಾರ್ದೋ ಮದ್ವೆಗೆ ಎಲ್ರೂ ನಡ್ಕೊಂಡೇ ಓಗನ,” ಅಂದೆ ದಪ್ಪ ದನಿಯಲ್ಲಿ.

“ಯಾ,” ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

“ಊಟಕ್ಕೆ ಬರೀ ಉಪ್ಪಿನಕಾಯಿ ಸಾಕು.”

“ಯಾ... ಅಕ್ಕ, ನಂಗೆ ನಗು ಬತ್ತದೆ.”

ನಾಲ್ಕು ದಿನ ಹೀಗೇ ಹೋಯಿತು. ಕಾಲೇಜಿನಲ್ಲಿ ದಡ್ಡ ಅನ್ನಿಸಿಕೊಂಡವರನ್ನೇ ಆರಿಸಿ ಪಾಸು ಮಾಡಿಸಿದವಳು ನಾನು. ನನ್ನ ಸ್ವಂತ ತಂಗಿಯ ಮುಂದೆ ಕೈ ಚೆಲ್ಲಿ ಕೂತೆ.

ಆಗ ನೆನಪಾದದ್ದು ಅವ್ವ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಅವ್ವನ ಹಿಂದೆ ಗೂಡಿನ ಚೀಲ ಹೊತ್ತುಕೊಂಡು ನಾವಿಬ್ಬರೂ ಹೋಗುತ್ತಿದ್ದೆವು. ಈಗ ಬೆಲೆಯೆಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ. ಆಗ ನೂಲು ತೆಗೆಯುವ ರೀಲರುಗಳು ಬಂದು, ಗೂಡನ್ನು ಕೈಯಲ್ಲಿ ಆಡಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆಲೆ ಕೂಗುತ್ತಿದ್ದರು. ಕೂಗಿದ ಬೆಲೆಗೆ ಕೊಡುವುದಿಲ್ಲ ಅನ್ನುವ ಹಕ್ಕು ಬೆಳೆದವರಿಗಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಗಂಡಸರ ಸಂತೆಯಲ್ಲಿ ಅವ್ವ ಒಬ್ಬಳೇ ನಿಂತು, ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಬೇಡ ಅನ್ನುತ್ತಿದ್ದಳು. ಅವಳಿಗೆ ಉರ್ದು ಯಾರೂ ಕಲಿಸಿರಲಿಲ್ಲ, ಬರುತ್ತದೆಂದು ಯಾವ ಸರ್ಟಿಫಿಕೇಟೂ ಇರಲಿಲ್ಲ. ಅವ್ವ ಜಗಳವಾಡುತ್ತಿರಲಿಲ್ಲ. ಮೊದಲು ಎದುರಿನವರನ್ನು ಹೊಗಳುವುದು. “ಭಾಯ್, ನಿಮ್ ಕೈಗೆ ಗೊತ್ತಾಗ್ದೇ ಇರಾ ಮಾಲು ಯಾವ್ದೈತೆ ಏಳಿ. ಆದ್ರೆ ಈ ಬೆಲೆಗ್ ಆಗಕಿಲ್ಲ.” ಆಮೇಲೆ ಯಾಕೆ ಆಗಕಿಲ್ಲ ಅನ್ನುವುದು. ಆಮೇಲೆ ಇಂಥದ್ದಾದರೆ ಆಗುತ್ತದೆ ಅನ್ನುವುದು. ಅವರೂ ನಗುತ್ತಿದ್ದರು. ಬೆಲೆ ಏರುತ್ತಿತ್ತು.

“ಸವಿ, ನಾನ್ ರೀಲರ್, ನೀನ್ ಅವ್ವ. ಗೂಡು ಮುಂದೈತೆ ಅನ್ಕೊ. ಮಾತಾಡು.”

ಅವಳು ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ಆಮೇಲೆ ಸೊಂಟಕ್ಕೆ ಕೈ ಇಟ್ಟು ಎದ್ದು ನಿಂತಳು. ನಾನು ನಡೆದುಕೊಂಡು ಹೋಗೋಣ ಅಂದೆ. ಅವಳು ಜರ್ಮನ್‌ನಲ್ಲಿ ಏನೋ ಉದ್ದಕ್ಕೆ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಆ ರಾಗ ಅವ್ವನದು. ಮೊದಲು ಏರಿ, ನಡುವೆ ನಿಂತು, ಮೆಲ್ಲಗೆ ಇಳಿಯುವ ರಾಗ. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಮೇಜು ಬಡಿದು ವಾದ ಮಾಡುತ್ತಿದ್ದಾಗ ಮಾನ್ಯ ನನ್ನ ಫೋನಿನಲ್ಲಿ ಏನೋ ಒತ್ತಿ ಅವ್ವನಿಗೆ ವಿಡಿಯೋ ಕಾಲ್ ಹೋಗಿಬಿಟ್ಟಿತ್ತು.

“ಯಾಕ್ರವ್ವ ಕಿತ್ತಾಡ್ತಿದ್ದೀರಿ?” ಅಂತ ಫೋನಿನೊಳಗಿಂದ ಅವ್ವ. “ಸುಮಾ, ಅಷ್ಟ್ ದೂರ ಓಗಿದ್ದು ಅವಳ ಕುಟೆ ಜಗಳ ಆಡಕ್ಕಾ?”

“ಜಗಳ ಅಲ್ಲ ಕಣವ್ವ, ಪರೀಕ್ಷೆಗೆ ಓದ್ತಾ ಅವ್ಳೆ.”

“ಇಂಗೂ ಓದ್ತಾರಾ?” ಅಂದಳು ಅವ್ವ. “ಮಗೀಗೆ ಊಟ ಇಕ್ಕಿದ್ರಾ ಮೊದ್ಲು?”

ಝೈಫನ್

ಪರೀಕ್ಷೆಗೆ ಮುಂಚಿನ ಭಾನುವಾರ ತಲೆ ಹಗುರವಾಗಲಿ ಅಂತ ಮಂಜು ನಮ್ಮನ್ನು ಬೆಟ್ಟದ ಮೇಲಿನ ಝೈಫನ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋದ. ಇಡೀ ಊರಿಗೆ ಊರೇ ಮರದ ಆಟದ ಸಾಮಾನು ಮಾಡುತ್ತದೆ. ಬಸ್ಸಿಳಿದು ಬೀದಿಗೆ ಬಂದವಳಿಗೆ ಕಾಲು ನಿಂತುಹೋಯಿತು. ಅಂಗಡಿ ತುಂಬ ಬಣ್ಣದ ಬೊಂಬೆ, ಒಳಗಿನಿಂದ ಮರ ಕಡೆಯುವ ಸದ್ದು, ಹಸಿ ಮರದ ಹೊಟ್ಟಿನ ವಾಸನೆ. ಕಣ್ಣು ಮುಚ್ಚಿದರೆ ಚನ್ನಪಟ್ಟಣ. ತೆರೆದರೆ ಚಳಿ.

ಒಂದು ಕಡೆ ಕಡೆಯುವುದನ್ನು ನೋಡಲು ಬಿಡುತ್ತಿದ್ದರು. ಕುಳ್ಳಗಿನ ಮನುಷ್ಯನೊಬ್ಬ ದಪ್ಪ ಮರದ ತುಂಡನ್ನು ತಿರುಗಿಸಿ ಬಳೆಯಂತೆ ಕಡೆದ. ಆಮೇಲೆ ಆ ಬಳೆಯನ್ನು ಹೋಳು ಹೋಳಾಗಿ ಸೀಳಿದ. ಪ್ರತಿ ಹೋಳೂ ಒಂದು ಹಸು. ಅವನು ಕಡೆಯುವಾಗ ಹಸುವಿನ ಆಕಾರ ಕಾಣಿಸುವುದೇ ಇಲ್ಲ, ಅದು ಒಳಗೇ ಬೆನ್ನು ತಿರುಗಿಸಿಕೊಂಡು ಕೂತಿರುತ್ತದೆ. ನಾನು ಎರಡು ಸಲ ನೋಡಿದೆ. ನಮ್ಮವರಿಗೆ ಇದು ಬರುವುದಿಲ್ಲ. ಹಾಗೆಯೇ ಅವರು ಬಣ್ಣವನ್ನು ಕುಂಚದಿಂದಲೇ ಹಚ್ಚಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೇ ಬಣ್ಣ ಕರಗಿ ಮೈಗೆ ಹತ್ತುವ ನಮ್ಮ ವಿದ್ಯೆ ಅಲ್ಲಿಲ್ಲ.

ಆ ಮನುಷ್ಯ ಬಂದವರಿಗೆಲ್ಲ ಏನೋ ವಿವರಿಸುತ್ತಿದ್ದ. ಇದ್ದಕ್ಕಿದ್ದಂತೆ ಸವಿತ, “ನೈನ್” ಅಂದಳು.

ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ಮಂಜು ಹೆಂಡತಿಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಅವನು ನನಗೆ ಪಿಸುಗುಟ್ಟಿದ, “ಊರಿಗೂರೇ ಬೊಂಬೆ ಕಡೆಯಾದು ಪ್ರಪಂಚದಾಗೆ ಇಲ್ಲೊಂದೇ ಕಡೆ ಅಂದ ಕಣತ್ತಿಗೆ ಅವನು.”

ಸವಿತ ಮುಂದೆ ಹೋಗಿ ಮಾತಾಡತೊಡಗಿದಳು. ನೀವು ಹೇಳುವುದು ಸರಿ, ಇಷ್ಟು ಚೆಂದದ ಹಸು ನಾನೆಲ್ಲೂ ನೋಡಿಲ್ಲ, ಆದರೆ ನಮ್ಮ ಕಡೆ ಚನ್ನಪಟ್ಟಣ ಅಂತ ಒಂದು ಊರಿದೆ ಅಂತ ಶುರುಮಾಡಿದಳಂತೆ. ಕೈಯಲ್ಲಿ ಕಡ್ಡಿ ಒತ್ತುವಂತೆ ಅಭಿನಯಿಸಿ ತೋರಿಸಿದಳು. ಫೋನಿನಲ್ಲಿ ಚಿತ್ರ ಹುಡುಕಿ ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ನೋಡಿ, ಏನೋ ಕೇಳಿದ. ಅವಳು ಹೇಳಿದಳು. ಇನ್ನೇನೋ ಕೇಳಿದ. ಇಬ್ಬರೂ ನಕ್ಕರು.

ನಾನು ಮಾನ್ಯಳ ಕೈ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಸವಿತಳಿಗೆ ಮಾತು ತಡವಾಗಿ, ಮೂರು ವರ್ಷಕ್ಕೆ ಬಂತು. ಬಾಯಿಗೆ ಬಜೆ ತೇದು ನೆಕ್ಕಿಸುತ್ತಿದ್ದವಳು ನಾನು. ಇವಳ ಮೊದಲ ಮಾತುಗಳನ್ನು ಊರವರಿಗೆ ಬಿಡಿಸಿ ಹೇಳುತ್ತಿದ್ದವಳೂ ನಾನೇ. ಈಗ ನನ್ನ ತಂಗಿ ನನಗೆ ತಿಳಿಯದ ಮಾತಿನಲ್ಲಿ ಯಾರನ್ನೋ ನಗಿಸುತ್ತಿದ್ದಳು, ಅದನ್ನು ನನಗೆ ಮಂಜು ಬಿಡಿಸಿ ಹೇಳಬೇಕಾಗಿತ್ತು. ಇವಳು ಪಾಸಾಗುತ್ತಾಳೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಎದೆಯುಬ್ಬಿತು. ಅದರ ಹಿಂದೆಯೇ ಏನೋ ಜಾರಿತು.

“ದೊಡ್ಡಮ್ಮ, ಕೈ ನೋಯ್ತದೆ,” ಅಂದಳು ಮಾನ್ಯ. ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ.

ಮನೆಗೆ ಬಂದಾಗ ಲೇಮನ್ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ ಪೊರಕೆಯ ಕಡೆ ಕೈ ತೋರಿಸಿ ಏನೋ ಕೇಳಿದಳು. ಸವಿತ ನಿಂತು, ಉಸಿರು ತೆಗೆದುಕೊಂಡು, ಈ ವಾರ ಆಗುವುದಿಲ್ಲ, ಪರೀಕ್ಷೆ ಇದೆ ಅಂದಳು. ಅಜ್ಜಿ “ಆಹ್ ಝೋ”, ಓ ಹಾಗಾ, ಅಂತ ತಲೆಯಾಡಿಸಿ, ತಾನೇ ಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು.

“ಕ್ವಾಪ ಮಾಡ್ಕೊಳ್ನೇ ಇಲ್ಲ ಕಣಕ್ಕ,” ಅಂದಳು ಸವಿತ ಬಾಗಿಲು ಹಾಕಿಕೊಂಡು. “ಇಷ್ಟ್ ವರ್ಸ ಸುಮ್ನೆ ಒರೆಸ್ದೆ.”

ಪರೀಕ್ಷೆಯ ಓಣಿ

ಪರೀಕ್ಷೆ ನಡೆದದ್ದು ದೊಡ್ಡವರು ಸಂಜೆ ಹೊತ್ತು ಓದುವ ಒಂದು ಶಾಲೆಯಲ್ಲಿ. ಮಂಜು ಕೆಲಸಕ್ಕೆ ಹೋಗಿದ್ದ. ನಾನು ಕೋಣೆಗಳ ನಡುವಿನ ಓಣಿಯಂಥ ಕಾರಿಡಾರಿನ ಬೆಂಚಿನಲ್ಲಿ ಕೂತೆ.

ಆ ಓಣಿಯನ್ನು ನೀವು ನೋಡಬೇಕಿತ್ತು. ಕ್ಷೌರದ ಅಂಗಡಿಯವನಂತೆ ಕೂದಲು ತಿದ್ದಿಕೊಂಡಿದ್ದ ಹುಡುಗ, ಹೊಟ್ಟೆಯಲ್ಲಿ ಮಗುವಿದ್ದ ಹೆಂಗಸು, ಕೋಟು ಹಾಕಿಕೊಂಡು ಬಂದ ಮುದುಕ, ತಲೆಗೆ ಬಟ್ಟೆ ಕಟ್ಟಿದ ತಾಯಿ ಮಗಳು. ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು, ಸದ್ದಿಲ್ಲ. ಒಂದೊಂದು ದೇಶದಿಂದ ಹೊರಟು ಬಂದವರು ಗೋಡೆಗೆ ಮುಖ ಮಾಡಿ ಒಂದೇ ವಾಕ್ಯವನ್ನು ನುಂಗಿ ನುಂಗಿ ಹೇಳಿಕೊಳ್ಳುತ್ತಿದ್ದರು. ಇಲ್ಲಿ ಬಂದವರೆಲ್ಲ ಮನೆಯಲ್ಲಿ ಸರಾಗವಾಗಿ ಬೈಯುವವರು, ಹಾಡುವವರು, ಮಕ್ಕಳನ್ನು ಮಲಗಿಸುವವರು. ಈ ಬಾಗಿಲ ಮುಂದೆ ಎಲ್ಲರೂ ಮಾತು ಕಲಿಯುವ ಮಕ್ಕಳು. ನನ್ನ ಇಂಗ್ಲಿಷ್ ಪೇಪರಿನ ದಿನಗಳು ನೆನಪಾದವು.

ಸವಿತಳ ಜೊತೆಗಾರ ಮತ್ತೆ ಒಬ್ಬ ಹಿರಿಯರೇ. ವಿಯೆಟ್ನಾಮಿನವರು, ಅವ್ವನ ವಯಸ್ಸು. ಅವರನ್ನು ನೋಡಿದ್ದೇ ಸವಿತ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

“ನಾನ್ ಆ ಬೆಲೆಗೆ ಕೊಡಕಿಲ್ಲ ಅನ್ಕೊ,” ಅಂದೆ.

ಬಾಗಿಲು ಮುಚ್ಚಿತು. ಒಳಗಿನ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೊದಲು ಹಿರಿಯರ ದನಿ. ಆಮೇಲೆ ಮೌನ. ಆ ಮೌನದಲ್ಲಿ ನಾನು ಏನು ಬೇಡಿಕೊಂಡೆ ಅನ್ನುವುದನ್ನು ಯಾರಿಗೂ ಹೇಳಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಆಮೇಲೆ ಸವಿತಳ ದನಿ. ಏರಿತು, ನಡುವೆ ನಿಂತಿತು, ಇಳಿಯಿತು. ಹಿರಿಯರು ಅಡ್ಡ ಬಂದರು. ಇವಳು ಮತ್ತೆ ಏರಿದಳು.

ಹೊರಗೆ ಬಂದವಳು ನನ್ನ ಹೆಗಲಿಗೆ ಮುಖ ಇಟ್ಟು ಅಳತೊಡಗಿದಳು.

“ಏನಾಯ್ತು? ಓಯ್ತಾ?”

“ಅವರನ್ನ ಬೈದ್ಬುಟ್ಟೆ ಅನ್ಸ್ತದೆ ಕಣಕ್ಕ. ವಯಸ್ಸಾದ ನೆರೆಯವರನ್ನೆಲ್ಲ ಒಂದ್ ದಿನ ಎಲ್ಲಾದ್ರೂ ಕರ್ಕೊಂಡ್ ಓಗಾ ಯೋಜ್ನೆ. ಅವರು ಬೆಟ್ಟ ಅತ್ಸನ ಅಂದ್ರು. ನೀವ್ ಗಟ್ಟಿಯಾಗಿದ್ದೀರಿ, ನೀವ್ ಅತ್ತೀರಿ, ಉಳಿದೋರ ಮಂಡಿ ಕತೆ ಏನು ಅಂದೆ. ದೋಣಿ ಅಂದ್ರು. ಬ್ಯಾಡ ಅಂದೆ. ಅವರ ಮುಖ ಕೆಂಪಗಾಗೋಯ್ತು.”

ಅಷ್ಟರಲ್ಲಿ ಆ ಹಿರಿಯರು ಬಂದರು. ಸವಿತಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ನನ್ನ ಕಡೆ ನೋಡಿ ನಗುತ್ತಾ ಏನೋ ಹೇಳಿ ಹೋದರು.

“ಏನಂದ್ರು?”

ಅವಳು ಮೂಗು ಒರೆಸಿಕೊಂಡಳು. “ನೀನು ಎದುರಾಡಿದ್ದಕ್ಕೇ ನಂಗೂ ಮಾತಾಡಕ್ ಸಿಕ್ತು ಅಂದ್ರು.”

ಕೆಮ್ನಿಟ್ಸ್ ನಿಲ್ದಾಣ

ಫಲಿತಾಂಶ ನಾನು ಹೊರಡುವ ವಾರ ಬಂತು. ಪಾಸು. ಮಂಜು ಮಗಳನ್ನು ಎತ್ತಿ ಕುಣಿಸಿದ. ನಾನು ಮುದ್ದೆ, ಬಸ್ಸಾರು ಮಾಡಿದೆ. ಲೇಮನ್ ಅಜ್ಜಿಗೂ ಹೇಳಿಕಳಿಸಿದೆವು. ಮುದ್ದೆಗೆ ಹಲ್ಲು ಬೇಡ ಅಂತ ತಿಳಿದು ಬಂದಳು, ಒಂದು ಬೆರಳಿನಷ್ಟು ನುಂಗಿ, ಚೆನ್ನಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದಳು. ಸಾರನ್ನು ಮಾತ್ರ ಎರಡು ಸಲ ಹಾಕಿಸಿಕೊಂಡಳು.

ತಟ್ಟೆ ತೊಳೆಯುವಾಗ ಸವಿತ ಕೇಳಿದಳು, “ಖುಷಿನಾ ಅಕ್ಕ?”

“ಖುಷಿ ಕಣೆ,” ಅಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಫ್ರಾಂಕ್‌ಫರ್ಟಿನವರೆಗೆ ಮಂಜು ಬರುವವನಿದ್ದ. ಸವಿತ ಮತ್ತು ಮಾನ್ಯ ಊರ ನಿಲ್ದಾಣದಲ್ಲೇ ಬಿಟ್ಟರು. ರೈಲು ನಿಂತಿತ್ತು. ಇಂಥ ಹೊತ್ತಿನಲ್ಲಿ ಹೇಳುವ ಮಾತೊಂದು ನಮ್ಮ ಮನೆಯಲ್ಲಿದೆ. ಅದನ್ನೇ ಹೇಳಿದೆ.

“ಮುಂದಿನ್ ಬ್ಯಾಸ್ಗೆಗೆ ಊರಿಗ್ ಬಾ.”

ಇದಕ್ಕೆ ಅವಳ ಉತ್ತರವೂ ನನಗೆ ಬಾಯಿಪಾಠ. ಹೂಂ ಕಣಕ್ಕ, ಬತ್ತೀನಿ. ಪ್ರತಿ ವರ್ಷ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. ಪ್ರತಿ ವರ್ಷ ಅವ್ವ ಒಳಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಮಾನ್ಯ ಹುಟ್ಟಿದ ಮೇಲೆ ಸವಿತ ಬಂದದ್ದು ಒಂದೇ ಸಲ.

“ಇಲ್ಲ ಕಣಕ್ಕ,” ಅಂದಳು.

ನಾನು ಅವಳ ಮುಖ ನೋಡಿದೆ.

“ಮುಂದಿನ್ ವರ್ಸ ಬರಕಾಗಕಿಲ್ಲ. ಅರ್ಜಿ ಓಡಾಟ ಐತೆ. ಮಾನ್ಯ ಸ್ಕೂಲಿಗ್ ಸೇರ್ತಾಳೆ. ಎರಡು ವರ್ಸ ಆಯ್ತದೆ. ಬತ್ತೀನಿ ಅಂತ ಸುಳ್ಳು ಏಳಕಿಲ್ಲ ನಿಂಗೆ, ಇನ್ನು.”

 ಅವಳ ದನಿ ಇಳಿಯಲಿಲ್ಲ. ನಾನು “ಆಯ್ತು” ಅಂದೆ.  ರೈಲು ಹೊರಟಿತು. ಮಾತಾಡಬಹುದಾದ ಡಬ್ಬಿಯಲ್ಲೇ ಮಂಜು ಸೀಟು ಹಿಡಿದಿದ್ದ. ನಾವಿಬ್ಬರೂ ಲೈಪ್‌ಜಿಗ್‌ವರೆಗೆ ಒಂದು ಮಾತೂ ಆಡಲಿಲ್ಲ.

ರಾಮನಗರ

ಬಂದ ದಿನ ಸಂಜೆ ಅವ್ವ ಪಡಸಾಲೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಮಾನ್ಯಳ ಕತೆ ಕೇಳಿದಳು, ಲೇಮನ್ ಅಜ್ಜಿಯ ಕತೆಗೆ ನಕ್ಕಳು, ಪಾಸಾದದ್ದಕ್ಕೆ ಕೈ ಮುಗಿದಳು. ಆಮೇಲೆ ಈಳಿಗೆಮಣೆಯಿಂದ ಕಣ್ಣೆತ್ತದೆ ಕೇಳಿದಳು.

“ಯಾವಾಗ ಬತ್ತಾಳಂತೆ?”

ತಂಗಿಗೆ ಕಲಿಸಿದವಳು ನಾನು. ಆದರೂ ನನ್ನ ಬಾಯಲ್ಲಿ ಬಂದದ್ದು, “ನೋಡ್ತೀನಿ ಅಂದ್ಲು ಕಣವ್ವ.”

“ಅಂಗಂದ್ಲಾ?”

“...ಇಲ್ಲ. ಮುಂದಿನ್ ವರ್ಸ ಆಗಕಿಲ್ಲ ಅಂದ್ಲು. ಎರಡು ವರ್ಸ ಅಂತೆ.”

ಅವ್ವನ ಕೈ ನಿಂತಿತು. ಹೋಳೊಂದು ಈಳಿಗೆಗೆ ಅರ್ಧ ಸಿಕ್ಕಿಕೊಂಡೇ ಇತ್ತು. ಅವಳು ಅಳುತ್ತಾಳೆ ಅಂದುಕೊಂಡು ನಾನು ಪಕ್ಕಕ್ಕೆ ಸರಿದೆ.

“ನೀನೇನಂದೆ?”

“ಆಯ್ತು ಅಂದೆ.”

“ಆಯ್ತು ಅಂದ್ಯಾ?” ಅವ್ವ ನನ್ನನ್ನು ನೋಡಿದ ನೋಟದಲ್ಲಿ ನನ್ನ ಎರಡೂ ಡಿಗ್ರಿಗಳು ಮುದುಡಿಹೋದವು. “ಅವ್ಳು ಇಷ್ಟು ಅಂದ್ಲು, ನೀನು ಆಯ್ತು ಅಂದ್ಬುಟ್ಟು ಬಂದೆ. ಆಗಕಿಲ್ಲ ಅಂದ ಮ್ಯಾಲೆ ತಾನೆ ಮಾತು ಶುರುವಾಗಾದು. ಅಚ್ಚು ಫೋನು.”

ಹಚ್ಚಿಕೊಟ್ಟೆ. ಅಲ್ಲಿ ಇನ್ನೂ ಮಧ್ಯಾಹ್ನ. “ಅವ್ವಾ,” ಅಂದಳು ಸವಿತ ಅಲ್ಲಿಂದ. ಹಿಂದೆ ಪಾತ್ರೆಗಳ ಸದ್ದು.

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಊಟ ಆಯ್ತಾ ಅಂತಲೂ ಕೇಳಲಿಲ್ಲ.

“ಕುಸಾಲಾಗಿ ಪಾಸಾದೆ ಕಣವ್ವ, ನಿನ್ನಂಥೋಳು ಯಾರವ್ರೆ. ಆದ್ರೆ ಎರಡು ವರ್ಸ ಜಾಸ್ತಿ ಆಯ್ತು,” ಅಂದಳು. “ಒಸಿ ಇಳ್ಸು.”